ಸಾಲಿನಲ್ಲಿ ಕೇಳಿದ ಪ್ರಶ್ನೆ

ಸಂಸತ್ತಿನಿಂದ ಕರೆ ಬಂದ ದಿನ ಹಗ್ಗದವನು ಸೈಕಲ್ ಅಂಗಡಿಯ ಮೇಲಿನ ತನ್ನ ಕೋಣೆಯಲ್ಲಿ ಒಬ್ಬನೇ ಕೂತು ಅಂಗಿಗೆ ಗುಂಡಿ ಹಾಕಿಕೊಳ್ಳುತ್ತಿದ್ದ. ಕರೆ ತಂದವಳು ಅಕ್ಕ. ಮೆಟ್ಟಿಲು ಹತ್ತಿದ ಏದುಸಿರಿನಲ್ಲೇ ಲಕೋಟೆಯನ್ನು ಅವನ ತೊಡೆಯ ಮೇಲೆ ಹಾಕಿದಳು.

"ಕೊನೆಗೂ ಕರೆದ್ರು ಕಣೋ."

"ಯಾರು?"

"ನಿನಗೆ ಹೆಣ್ಣು ಕೊಡೋ ಮಾವ! ಇನ್ಯಾರು ಕರೀತಾರೆ ನಿನ್ನ? ಪಾರ್ಲಿಮೆಂಟಿನೋರು. ರಕ್ಷಣಾ ಸಮಿತಿಯಂತೆ. ನೀನು ಹೋಗಿ ಸಾಕ್ಷಿ ಹೇಳಬೇಕಂತೆ."

ಹಗ್ಗದವನು ಸೂಜಿಯನ್ನು ಅಂಗಿಗೆ ಚುಚ್ಚಿಟ್ಟು ಸುಮ್ಮನೆ ಕೂತ. ಅವನ ಮಾತು ಮೊದಲಿನಿಂದಲೂ ಅಷ್ಟಕ್ಕಷ್ಟೇ. ಅಕ್ಕ ಅವನ ಮುಖ ನೋಡಿ, "ಅಲ್ಲೋ, ಸಾಕ್ಷಿಗೆ ಹೋಗೋವಾಗ ಬಾಯಿ ತಗೊಂಡು ಹೋಗ್ತೀಯ ತಾನೆ? ಇಲ್ಲೇ ಮರೆತು ಹೋದೀಯ," ಅಂದಳು. ಅಂದವಳೇ ನಕ್ಕಳು. ನಗುತ್ತಿದ್ದ ಹಾಗೆಯೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅವನು ಸೇನೆಯ ಸೇತುವೆ ಪಟಾಲಮಿನಲ್ಲಿ ಇದ್ದವನು. ಹೊಳೆಗೆ ಸೇತುವೆ ಇಲ್ಲದ ಕಡೆ ಲಾರಿ, ಫಿರಂಗಿ, ಜನ ಎಲ್ಲವನ್ನೂ ದಾಟಿಸುವುದು ಆ ಪಟಾಲಮಿನ ಕೆಲಸ. ಅದಕ್ಕೊಂದು ತೆಪ್ಪ. ಮರದ ತೆಪ್ಪವಲ್ಲ, ಆಳೆತ್ತರದ ಕಬ್ಬಿಣದ ಪೆಟ್ಟಿಗೆಗಳನ್ನು ಒಂದಕ್ಕೊಂದು ಬಿಗಿದು, ಮೇಲೆ ಹಲಗೆ ಹಾಸಿದ ತೇಲುವ ಕಟ್ಟೆ. ಅದರ ಹಗ್ಗ ನೋಡಿಕೊಳ್ಳುತ್ತಿದ್ದವನು ಇವನು. ಹೆಸರು ಹೋಗಿ ಹಗ್ಗ ಉಳಿಯಿತು. ಚುಕ್ಕಾಣಿ ಹಿಡಿಯುತ್ತಿದ್ದವನು ಅಕ್ಕನ ಗಂಡ, ಇವನ ಭಾವ. ಇವನನ್ನು ಸೇನೆಗೆ ಕರೆದುಕೊಂಡು ಹೋದವನೂ ಅವನೇ, ಅಲ್ಲಿ ಈಜು ಕಲಿಸಿದವನೂ ಅವನೇ.

ಒಂದು ಸಲ ದೊಡ್ಡದಾಗಿ ಕವಾಯತು ನಡೆಯಿತು. ಮಂತ್ರಿಗಳು ದಡದ ಮೇಲೆ ಶಾಮಿಯಾನದಲ್ಲಿ ಕೂತು ನೋಡುತ್ತಿದ್ದರು. ನಡುಹೊಳೆಯಲ್ಲಿ ತೆಪ್ಪದ ಒಂದು ಮೂಲೆ ತಗ್ಗಿತು. ಭಾವ ಚುಕ್ಕಾಣಿಯನ್ನು ಪೂರ್ತಿ ತಿರುಗಿಸಿ ತೆಪ್ಪವನ್ನು ಆಳವಿಲ್ಲದ ಕಡೆಗೆ ಎಳೆಯಲು ನೋಡಿದ. ಅಷ್ಟರಲ್ಲಿ ಲಾರಿ ಜಾರಿತು. ಲಾರಿಯ ಹಿಂದೆ ಎಲ್ಲರೂ ಜಾರಿದರು. ಮೇಲೆ ಇದ್ದವರಲ್ಲಿ ಬದುಕಿದವನು ಕೈಗೆ ಹಗ್ಗ ಸುತ್ತಿಕೊಂಡಿದ್ದ ಇವನೊಬ್ಬನೇ. ಏಳು ಜನ ಸತ್ತರು. ಶಿಬಿರದ ಬಾಗಿಲಲ್ಲಿ ಕಲ್ಲು ನಿಲ್ಲಿಸಿದರು. ಕಲ್ಲಿನ ಮೇಲೆ ಇದ್ದದ್ದು ಆರೇ ಹೆಸರು. ತೆಪ್ಪ ಮಗುಚಲು ಚುಕ್ಕಾಣಿ ಹಿಡಿದವನು ಅಡ್ಡಾದಿಡ್ಡಿ ತಿರುಗಿಸಿದ್ದೇ ಕಾರಣ ಅಂತ ರಕ್ಷಣಾ ಇಲಾಖೆ ಬರೆದು ಮುಗಿಸಿತ್ತು. ಸತ್ತವನ ಬಾಯಿಗೆ ಬೀಗ. ಅವನ ತಲೆಯ ಮೇಲೆ ಯಾವ ಹೊರೆ ಇಟ್ಟರೂ ಇಳಿಸುವ ಹಾಗಿಲ್ಲ.

ಆದರೆ ಮೂಲೆಯ ಪೆಟ್ಟಿಗೆ ಬಿರುಕು ಬಿಟ್ಟು ಒಳಗೆ ನೀರು ಬರುತ್ತಿತ್ತು. ಹಿಂದಿನ ದಿನ ಬೆಳಿಗ್ಗೆಯೇ ಭಾವ ಅದನ್ನು ಕಂಡು ಚಿಕ್ಕ ಸಾಹೇಬನಿಗೆ ಹೇಳಿದ್ದ. ಚಿಕ್ಕ ಸಾಹೇಬ, "ಟಾರು ಬಳಿಸ್ತೀನಿ. ಆಮೇಲೂ ಸಮಾಧಾನ ಇಲ್ದಿದ್ರೆ ಸಂಜೆ ಸಾಲಿನಲ್ಲಿ ಹೇಳು," ಅಂದಿದ್ದ.

ಸಾಲು ಅಂದರೆ ಸೇನೆಯ ಒಂದು ರೂಢಿ. ದೊಡ್ಡ ಕೆಲಸದ ಹಿಂದಿನ ಸಂಜೆ ಎಲ್ಲರನ್ನೂ ಸಾಲಾಗಿ ನಿಲ್ಲಿಸುತ್ತಾರೆ. ದೊಡ್ಡ ಸಾಹೇಬರು ಆ ತುದಿಯಿಂದ ಈ ತುದಿಗೆ ನಡೆದು ಬರುತ್ತಾ ಒಬ್ಬೊಬ್ಬನ ಮುಂದೆಯೂ ನಿಂತು, "ಏನಾದ್ರೂ ತೊಂದರೆ?" ಅಂತ ಕೇಳುತ್ತಾರೆ. ಕೂಡಲೇ ಹಿಮ್ಮಡಿ ಜೋಡಿಸಬೇಕು, ಗದ್ದ ಎತ್ತಬೇಕು, "ಏನೂ ತೊಂದರೆ ಇಲ್ಲ ಸಾಹೇಬ್ರೇ!" ಅಂತ ಗಂಟಲು ಬಿಚ್ಚಿ ಕೂಗಬೇಕು. ಸೇರಿದ ಮೊದಲ ವಾರವೇ ಇದನ್ನು ಕಲಿಸುತ್ತಾರೆ. ಜ್ವರ ಬಂದವನೂ ಅದನ್ನೇ ಕೂಗುತ್ತಾನೆ, ಮನೆಯಲ್ಲಿ ಸಾವಾದವನೂ ಅದನ್ನೇ ಕೂಗುತ್ತಾನೆ. ಆ ಸಂಜೆ ಭಾವನೂ ಅದನ್ನೇ ಕೂಗಿದ. ಪಕ್ಕದಲ್ಲಿ ನಿಂತ ಇವನೂ ಕೂಗಿದ. ಇಲಾಖೆ ಹಿಡಿದುಕೊಂಡದ್ದು ಆ ಕೂಗನ್ನೇ: ಹಿಂದಿನ ಸಂಜೆ ಪ್ರತಿಯೊಬ್ಬನನ್ನೂ ಕೇಳಿದ್ದೇವೆ, ಚುಕ್ಕಾಣಿಯವನನ್ನೂ ಕೇಳಿದ್ದೇವೆ, ತೊಂದರೆ ಇಲ್ಲ ಅಂದಿದ್ದಾನೆ.

ಅಕ್ಕ ಎಷ್ಟೋ ಬಾಗಿಲು ತಟ್ಟಿದಳು. ಕೊನೆಗೆ ಯಾವನೋ ಒಬ್ಬ ಸದಸ್ಯ, ಸೇನೆ ತನ್ನ ಸಾಮಾನುಗಳನ್ನು ಹೇಗೆ ತಪಾಸಣೆ ಮಾಡುತ್ತದೆ ಅಂತ ಸದನದಲ್ಲಿ ಎದ್ದು ಕೇಳಿದ. ಅದು ರಕ್ಷಣಾ ಸಮಿತಿಯ ಪಾಲಿಗೆ ಬಂತು. ತೆಪ್ಪದ ಮೇಲೆ ಇದ್ದವನೊಬ್ಬನ ಬಾಯಿಂದ ಕೇಳಬೇಕು ಅಂತ ಸಮಿತಿ ಹಟ ಹಿಡಿಯಿತು. ಹಾಗೆ ಬಂದದ್ದು ಆ ಲಕೋಟೆ.

ಹೊರಡುವ ಹಿಂದಿನ ದಿನ ಸಂಜೆ ಬೋಲ್ಟು ಬಂದ.

ಬೋಲ್ಟು ಅದೇ ಪಟಾಲಮಿನ ಫಿಟ್ಟರು. ಇವನು ಸೇನೆ ಬಿಟ್ಟು ಬಂದಿದ್ದರೂ ಬೋಲ್ಟು ಇನ್ನೂ ಕೆಲಸದಲ್ಲಿದ್ದ. ಪಟಾಲಮಿನ ಕಾರ್ಖಾನೆಯ ಹಿರಿಯನ ಜಾಗ ಇನ್ನೇನು ಅವನಿಗೆ ಬರುವುದಿತ್ತು. ದಿನಾ ಕೆಲಸ ಮುಗಿಸಿ ಮನೆಗೆ ಹೋಗುವಾಗ ಇಲ್ಲಿಗೆ ಬಂದು ಒಂದು ಲೋಟ ಚಹಾ ಕುಡಿದು ಹೋಗುವುದು ರೂಢಿ. ಬರುವುದು ಹೇಗೆ? ಬೀದಿಯ ತುದಿಯಿಂದಲೇ, "ಏ ಹಗ್ಗಾ! ಜೀವ ಇದೆಯೇನೋ?" ಅಂತ ಕೂಗುತ್ತಾ. ಬೀದಿಗೆ ಬೀದಿಯೇ ತಿರುಗಿ ನೋಡಬೇಕು. ಹಗ್ಗದವನು ಕಿಟಕಿಯಿಂದ ಕೈ ತೋರಿಸಿ ಒಲೆ ಹಚ್ಚುತ್ತಿದ್ದ. ಇಡೀ ದಿನದಲ್ಲಿ ಅವನನ್ನು ಹೆಸರು ಹಿಡಿದು ಕೂಗುತ್ತಿದ್ದದ್ದು ಆ ಒಂದು ದನಿ.

ಆ ಸಂಜೆ ಬೋಲ್ಟು ಕೂಗದೆ ಬಂದ. ಚಹಾ ಕೈಗೆ ಬಂದ ಮೇಲೆ ಬಾಯಿ ಬಿಟ್ಟ.

"ಹೋಗು. ಎಲ್ಲಾ ಹೇಳು. ಭಾವನ ಹೆಸರು ಕಲ್ಲಿನ ಮೇಲೆ ಬರಲೇಬೇಕು. ನನಗೂ ಅವನು ಭಾವನೇ, ನಿನಗೊಬ್ಬನಿಗೇ ಅಲ್ಲ."

"ಹೂಂ."

"ಆದ್ರೆ ಪೆಟ್ಟಿಗೆಗೆ ಟಾರು ಬಳಿದೋನು ಯಾರು ಅಂತ ಕೇಳಿದ್ರೆ ನೆನಪಿಲ್ಲ ಅಂದ್ಬಿಡು. ಟಾರು ಬಳಿ ಅಂದ್ರು, ಬಳಿದೆ. ಗೋಣಿ ಹಚ್ಚು ಅಂದ್ರು, ಹಚ್ಚಿದೆ. ನಿನಗಾದ್ರೆ ಅಲ್ಲಿ ಆಡಿದ ಮಾತಿಗೆ ಯಾರೂ ಏನೂ ಮಾಡೋ ಹಾಗಿಲ್ಲವಂತೆ. ನನ್ನ ತಲೆ ಮೇಲೆ ಆ ಛತ್ರಿ ಇಲ್ಲ ಕಣೋ."

ಹಗ್ಗದವನು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಲೋಟ ಎತ್ತಿಕೊಂಡು ತೊಳೆಯಲು ಹೋದ. ಸುಮ್ಮನಿದ್ದವನು ಒಪ್ಪಿದ ಅಂತ ಲೋಕದ ಲೆಕ್ಕ. ಬೋಲ್ಟು ಅವನ ಬೆನ್ನಿಗೊಂದು ಗುದ್ದು ಹಾಕಿ ಹಗುರಾಗಿ ಮೆಟ್ಟಿಲಿಳಿದ.

ರೈಲಿನಲ್ಲಿ ಒಬ್ಬನೇ ಹೋದ. ಅಕ್ಕನಿಗೆ ಮಂಡಿ ನೋವು. ಬಂದರೂ ಬಾಗಿಲಾಚೆಯೇ ಕೂರಬೇಕಿತ್ತು. ಸಂಸತ್ತಿನ ಕಟ್ಟಡದಲ್ಲಿ ಅವನ ಜೇಬು ನೋಡಿದರು, ಬೆಲ್ಟು ಬಿಚ್ಚಿಸಿದರು, ಕೊರಳಿಗೊಂದು ಚೀಟಿ ತೂಗುಹಾಕಿದರು. ಉದ್ದನೆಯ ಓಣಿಯಂಥ ಪಡಸಾಲೆ. ಎರಡೂ ಕಡೆ ಒಂದೇ ನಮೂನೆಯ ಬಾಗಿಲುಗಳು. ಒಂದು ಬಾಗಿಲ ಮುಂದಿನ ಬೆಂಚಿನ ಮೇಲೆ ಕೂರಿಸಿದರು. ಬಾಗಿಲು ಕಾಯುವ ಜವಾನನಿಗೆ ಬೇಜಾರು ಬಂದಿತ್ತು ಅಂತ ಕಾಣುತ್ತದೆ.

"ಮೊದಲ ಸಲವಾ?"

"ಹೌದು."

"ಕುರ್ಚಿ ಬಲು ಮೆತ್ತಗಿರ್ತವೆ. ನಿದ್ದೆ ಬಂದೀತು, ಜೋಕೆ. ಸದಸ್ಯರಿಗೆ ಬಂದ್ರೆ ನಡೀತದೆ, ಸಾಕ್ಷಿಗೆ ಬರಬಾರದು."

ಹಗ್ಗದವನಿಗೆ ನಗು ಬರಲಿಲ್ಲ. ಜವಾನ ದನಿ ತಗ್ಗಿಸಿದ. "ಅಧ್ಯಕ್ಷೆ ಒಳ್ಳೇರು. ಮೊದಲು ಆಸ್ಪತ್ರೇಲಿ ದಾದಿ ಆಗಿದ್ದೋರು. ಹೆದರ್ಕೋಬೇಡಿ, ಸೂಜಿ ಚುಚ್ಚಲ್ಲ."

ಕೋಣೆ ತಣ್ಣಗಿತ್ತು. ಕುದುರೆ ಲಾಳದಂಥ ಮೇಜು. ಸುತ್ತ ಸದಸ್ಯರು, ನಡುವೆ ಅಧ್ಯಕ್ಷೆ. ಬೆಳ್ಳಗಿನ ತಲೆ, ಮೂಗಿನ ತುದಿಗೆ ಜಾರಿದ ಕನ್ನಡಕ. ಲಾಳದ ಬಾಯಲ್ಲಿ ಒಂದು ಒಂಟಿ ಕುರ್ಚಿ ಇವನಿಗೆ. ಗೋಡೆಯ ಪಕ್ಕ ಇಲಾಖೆಯವರು. ಅವರ ನಡುವೆ ಒಬ್ಬರು ನೆಟ್ಟಗೆ ಕೂತಿದ್ದರು. ಅವತ್ತು ಸಾಲಿನ ಮುಂದೆ ನಡೆದು ಬಂದ ದೊಡ್ಡ ಸಾಹೇಬರೇ. ನಿವೃತ್ತಿಯಾಗಿ ಇಲಾಖೆಗೆ ಸಲಹೆಗಾರರಾಗಿದ್ದರು. ಮೈಮೇಲೆ ಸಮವಸ್ತ್ರ ಇರಲಿಲ್ಲ, ಆದರೆ ಬೆನ್ನು ಅದೇ ಬೆನ್ನು.

ಅಧ್ಯಕ್ಷೆ ಮೆಲ್ಲಗೆ ಶುರುಮಾಡಿದರು. ಎಷ್ಟು ವರ್ಷ ಇದ್ದಿರಿ, ಏನು ಕೆಲಸ, ಯಾವ ಮೂಲೆಯಲ್ಲಿ ನಿಂತಿದ್ದಿರಿ. ಹಗ್ಗದವನು ಒಂದೊಂದೇ ಮಾತಿನಲ್ಲಿ ಉತ್ತರ ಕೊಟ್ಟ. ಆಗ ದೊಡ್ಡ ಸಾಹೇಬರು ಎದ್ದು, "ಅಪ್ಪಣೆಯಾದ್ರೆ ನಾನೇ ಒಂದು ಪ್ರಶ್ನೆ ಕೇಳ್ತೀನಿ. ಇವನು ನನ್ನ ಕೈಕೆಳಗಿದ್ದ ಹುಡುಗ," ಅಂದರು. ಅಧ್ಯಕ್ಷೆ ಅರೆಗಳಿಗೆ ಯೋಚಿಸಿ ತಲೆಯಾಡಿಸಿದರು.

ಸಾಹೇಬರು ಅವನ ಮುಂದೆ ಬಂದು ನಿಂತರು. ಬೇಕಂತಲೇ ಮಾಡಿದರೋ, ಕಾಲಿನ ಅಭ್ಯಾಸವೋ, ದೇವರಿಗೇ ಗೊತ್ತು.

"ತೆಪ್ಪದಲ್ಲಿ ಏನಾದ್ರೂ ತೊಂದರೆ?"

ಹಗ್ಗದವನು ಎದ್ದದ್ದು ಅವನಿಗೇ ಗೊತ್ತಾಗಲಿಲ್ಲ. ಹಿಮ್ಮಡಿ ಕೂಡಿತು. ಗದ್ದ ಏರಿತು.

"ಏನೂ ತೊಂದರೆ ಇಲ್ಲ ಸಾಹೇಬ್ರೇ!"

ಮೇಜಿನ ಮೇಲಿನ ನೀರಿನ ಲೋಟಗಳು ಕೂಡ ಅಲುಗಿದವೇನೋ ಅನ್ನುವಂಥ ದನಿ. ಕಪ್ಪು ಕೋಟಿನ ಸದಸ್ಯನೊಬ್ಬ ಪೆನ್ನು ಕೆಳಗಿಟ್ಟು, "ಸರಿ ಹೋಯ್ತು. ಇದಕ್ಕೆ ಇಷ್ಟು ದೂರದಿಂದ ಕರೆಸಬೇಕಿತ್ತಾ?" ಅಂದ. ಅಧ್ಯಕ್ಷೆ ಹಗ್ಗದವನನ್ನೇ ನೋಡುತ್ತಾ, "ಇನ್ನೇನಾದ್ರೂ ಹೇಳೋದಿದೆಯಾ?" ಅಂತ ಕೇಳಿದರು. ಅವನು ಗದ್ದ ಇಳಿಸದೆ ನಿಂತೇ ಇದ್ದ. ಇಲ್ಲ ಅಂತ ತಲೆಯಾಡಿಸಿದ. ಹೊರಗೆ ಕರೆತಂದರು.

ಮತ್ತೆ ಅದೇ ಬೆಂಚಿನ ಮೇಲೆ ಕೂತ. ಅಕ್ಕ ಕಟ್ಟಿಕೊಟ್ಟಿದ್ದ ಬ್ರೆಡ್ಡಿನ ಪೊಟ್ಟಣ ಚೀಲದಲ್ಲಿ ಹಾಗೇ ಇತ್ತು. ಇಷ್ಟು ವರ್ಷ ಅವಳು ಬಾಗಿಲು ಬಾಗಿಲು ತಿರುಗಿ ತೆಗೆಸಿಕೊಟ್ಟ ಒಂದು ಗಳಿಗೆ, ಅದನ್ನು ಒಂದು ಕೂಗಿಗೆ ಕಳೆದಿದ್ದ. ಭಾವ ಎರಡನೇ ಸಲ ಮುಳುಗಿದ ಹಾಗಾಯಿತು.

ಒಳಗೆ ಚಹಾದ ಹೊತ್ತಾಯಿತು. ಬಾಗಿಲು ತೆರೆದು ಅಧ್ಯಕ್ಷೆ ಒಬ್ಬರೇ ಹೊರಗೆ ಬಂದರು. ಹಗ್ಗದವನು ಎದ್ದು ಓಡಿಹೋಗಿ ಅವರ ದಾರಿಗೆ ಅಡ್ಡ ನಿಂತ.

"ಅಮ್ಮಾ, ಅದು ಹಾಗಲ್ಲ. ಪೆಟ್ಟಿಗೆಗೆ ನೀರು—"

ಅವರು ಅಂಗೈ ಎತ್ತಿ ತಡೆದರು. "ಇಲ್ಲಿ ಬೇಡಪ್ಪ. ಈ ಬಾಗಿಲಿನ ಹೊರಗೆ ನೀವು ಹೇಳೋದು ನಾನು ಕೇಳಿಸ್ಕೊಳ್ಳೋ ಹಾಗಿಲ್ಲ. ಕೇಳಿದ್ರೂ ಅದು ಸಾಕ್ಷಿ ಆಗಲ್ಲ, ನಿಮಗೇ ಕೆಡುಕು."

"ಹಾಗಾದ್ರೆ ಎಲ್ಲಿ ಹೇಳಲಿ?"

"ಹೇಳಿದ್ರೆ ಒಳಗೇ ಹೇಳಬೇಕು. ಇನ್ನೊಂದು ಸಲ ಕೂರ್ತೀನಿ ಅಂತ ಗುಮಾಸ್ತರ ಕೈಲಿ ಹೇಳಿ ಕಳಿಸಿ. ಉಳಿದ ಸದಸ್ಯರು ಒಪ್ಪಿದ್ರೆ ಕರೀತೀವಿ." ಎರಡು ಹೆಜ್ಜೆ ಹೋದವರು ತಿರುಗಿದರು. "ನೀವು ಆಗ ಯಾಕೆ ಎದ್ದು ನಿಂತ್ರಿ?"

ಉತ್ತರಕ್ಕೆ ಕಾಯದೆ ಹೊರಟುಹೋದರು.

ಗುಮಾಸ್ತರ ಕೈಲಿ ಹೇಳಿ ಕಳಿಸಿದ. ಮತ್ತೆ ಕರೆದರು. ಕಪ್ಪು ಕೋಟಿನವನು ಮುಖ ಸೊಟ್ಟಗೆ ಮಾಡಿಕೊಂಡಿದ್ದ. "ಗಳಿಗೆಗೊಂದು ಮಾತಾಡೋ ಸಾಕ್ಷಿ. ಸತ್ತ ಚುಕ್ಕಾಣಿಯವನು ನಿಮಗೆ ಏನಾಗಬೇಕು?"

"ಭಾವ. ಅಕ್ಕನ ಗಂಡ."

"ಅಲ್ಲಿಗೆ ಆಯ್ತಲ್ಲ."

"ಇನ್ನೂ ಆಗಿಲ್ಲ," ಅಂದರು ಅಧ್ಯಕ್ಷೆ. "ಸಾಕ್ಷಿಗಳು ಕೂತುಕೊಂಡೇ ಉತ್ತರ ಕೊಡಲಿ. ಯಾರೇ ಏನೇ ಕೇಳಿದ್ರೂ ಏಳೋದು ಬೇಡ. ಸಾಹೇಬರು ತಮ್ಮ ಜಾಗದಲ್ಲೇ ಇರಲಿ."

ಹಗ್ಗದವನು ಕೂತ. ಕುರ್ಚಿಯ ಎರಡೂ ಕೈಗಳನ್ನು, ಹೊಳೆಯಲ್ಲಿ ಹಗ್ಗ ಹಿಡಿದ ಹಾಗೆ, ಗಟ್ಟಿಯಾಗಿ ಹಿಡಿದುಕೊಂಡ. ಸಾಹೇಬರ ಮುಂದೆ ಕೂತು ಮಾತಾಡಿದ್ದು ಅವನ ಜನ್ಮದಲ್ಲೇ ಇರಲಿಲ್ಲ.

"ಆಗ ನಾನು ಹೇಳಿದ್ದು ಉತ್ತರ ಅಲ್ಲ ತಾಯಿ," ಅಂದ. "ಅದು ಸೆಲ್ಯೂಟು. ಕೈಯಲ್ಲಿ ಹೊಡೆಯೋದು ಒಂದು, ಬಾಯಲ್ಲಿ ಹೊಡೆಯೋದು ಇನ್ನೊಂದು. ಅವತ್ತು ಸಾಲಿನಲ್ಲಿ ನಮ್ಮ ಭಾವ ಹೊಡೆದದ್ದೂ ಅದೇ. ಬೆಳಿಗ್ಗೆ ಚಿಕ್ಕ ಸಾಹೇಬರ ಹತ್ತಿರ ನಿಂತು, ಪೆಟ್ಟಿಗೆಗೆ ನೀರು ಬರ್ತಿದೆ, ನಾಳೆ ಇಳಿಸೋದು ಬೇಡ ಅಂತ ಅಂದಿದ್ದ. ಅದು ಮಾತು. ಸಂಜೆ ಕೂಗಿದ್ದು ಮಾತಲ್ಲ."

ಅಧ್ಯಕ್ಷೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ವಾರ್ಡಿನಲ್ಲೂ ಹೀಗೇ. ಇಡೀ ದಿನ ನಮ್ಮ ಹತ್ತಿರ ನೋವು ನೋವು ಅಂತ ಅಳ್ತಿದ್ದೋರು, ದೊಡ್ಡ ಡಾಕ್ಟರು ಬಂದು ಹೇಗಿದೀರಿ ಅಂದ್ರೆ ಚೆನ್ನಾಗಿದೀನಿ ಅಂತಿದ್ರು." ಆಮೇಲೆ ಗೋಡೆಯ ಕಡೆ ತಿರುಗಿದರು. "ಸಾಹೇಬ್ರೇ, ನೀವೂ ಒಂದು ಕಾಲಕ್ಕೆ ಆ ಸಾಲಿನಲ್ಲಿ ನಿಂತೋರೇ ತಾನೆ? ನಿಮ್ಮನ್ನು ಕೇಳಿದಾಗ ಏನಂತಿದ್ರಿ?"

ದೊಡ್ಡ ಸಾಹೇಬರು ತಮ್ಮ ಬೂಟಿನ ತುದಿ ನೋಡಿದರು. ಇಲಾಖೆಯ ಕಾರ್ಯದರ್ಶಿ ಅವರ ಕಿವಿಯಲ್ಲಿ ಏನೋ ಹೇಳಲು ಬಗ್ಗಿದ. ಅವರು ಕೈಯಿಂದ ಅವನನ್ನು ಸರಿಸಿದರು.

"ನಾನೂ ಅದನ್ನೇ ಕೂಗ್ತಿದ್ದೆ," ಅಂದರು.

ಅಲ್ಲಿಗೆ ಗೆದ್ದ ಹಾಗೆಯೇ ಕಂಡಿತು. ಆದರೆ ಕಪ್ಪು ಕೋಟಿನವನು ಸುಮ್ಮನಾಗುವ ಪೈಕಿ ಅಲ್ಲ; ಅವನು ಕೇಳಿದ್ದರಲ್ಲಿ ತಪ್ಪೂ ಇರಲಿಲ್ಲ. "ಕೂಗಿಗೆ ಬೆಲೆ ಇಲ್ಲ ಅಂತಲೇ ಇಟ್ಕೊಳ್ಳೋಣ. ನೀರು ಬರ್ತಿತ್ತು ಅನ್ನೋದಕ್ಕೆ ನಿಮ್ಮ ಮಾತು ಬಿಟ್ರೆ ಏನಿದೆ? ಪೆಟ್ಟಿಗೆಗಳನ್ನು ಕರಗಿಸಿ ಆಗಿದೆ. ಚಿಕ್ಕ ಸಾಹೇಬರು ಯಾರೂ ಏನೂ ಹೇಳಿಲ್ಲ ಅಂತ ಬರೆದುಕೊಟ್ಟಿದಾರೆ. ನೀವು ಸತ್ತವನ ಬಾಮೈದ. ಬೇರೆ ಯಾರಾದ್ರೂ ಆ ಬಿರುಕನ್ನು ಕಣ್ಣಲ್ಲಿ ನೋಡಿದೋರು, ಕೈಲಿ ಮುಟ್ಟಿದೋರು ಇದ್ರೆ ಹೇಳಿ."

ಹಗ್ಗದವನು ಕುರ್ಚಿಯ ಕೈಗಳನ್ನು ಇನ್ನೂ ಬಿಗಿಯಾಗಿ ಹಿಡಿದ. ಒಂದು ಕಡೆ ಕಲ್ಲಿನ ಮೇಲೆ ಇಲ್ಲದ ಹೆಸರು. ಇನ್ನೊಂದು ಕಡೆ ದಿನಾ ಸಂಜೆ ಬೀದಿಯ ತುದಿಯಿಂದ ಬರುವ ದನಿ. ಸತ್ತವನು ಬಂದು ಏನೂ ಕೇಳುವುದಿಲ್ಲ, ಬದುಕಿರುವವನು ಕೇಳಿದ್ದಾನೆ. ಸತ್ತವನಿಗೆ ತಾನಲ್ಲದೆ ಬೇರೆ ಬಾಯಿಲ್ಲ.

"ಇದಾರೆ," ಅಂದ. "ಟಾರು ಬಳಿದ ಫಿಟ್ಟರು." ಹೆಸರು ಹೇಳಿದ. ಬೋಲ್ಟುವಿನ ನಿಜವಾದ ಹೆಸರು ಅವನ ಬಾಯಿಂದ ಬಂದು ಎಷ್ಟೋ ವರ್ಷವಾಗಿತ್ತು. ಯಾರೋ ಗುರುತಿಲ್ಲದವನ ಹೆಸರು ಹೇಳಿದ ಹಾಗಿತ್ತು.

ಏಳುವಾಗ ಅಧ್ಯಕ್ಷೆ ಎಚ್ಚರಿಸಿದರು. ಸಮಿತಿಯ ವರದಿ ಸದನದ ಮುಂದೆ ಬರುವ ತನಕ ಒಳಗೆ ಆಡಿದ ಒಂದು ಮಾತೂ ಹೊರಗೆ ಹೋಗಬಾರದು. ಹೆಂಡತಿಗೂ ಹೇಳಬಾರದು. "ಹೆಂಡತಿ ಇಲ್ಲ," ಅಂದ ಹಗ್ಗದವನು. "ಹಾಗಾದ್ರೆ ಸುಲಭ," ಅಂದ ಕಪ್ಪು ಕೋಟಿನವನು ಮೊದಲ ಸಲ ನಗುತ್ತಾ.

ಸುಲಭವಾಗಿರಲಿಲ್ಲ.

ಊರಿಗೆ ಬಂದ ದಿನವೇ ಅಕ್ಕ ಎದುರಿಗೆ ಕೂತಳು. "ಏನು ಕೇಳಿದ್ರು? ಏನಂದೆ?" ಅವನು ಹೇಳುವ ಹಾಗಿಲ್ಲ ಅಂದ. "ಒಳ್ಳೇದಾ ಕೆಟ್ಟದ್ದಾ, ಅಷ್ಟಾದ್ರೂ ಹೇಳು." ಅದನ್ನೂ ಹೇಳಲಿಲ್ಲ. "ಬಾಯಿ ಅಲ್ಲೇ ಬಿಟ್ಟು ಬಂದಿದೀಯ ನೋಡು," ಅಂತ ಬೈದಳು. ಆಮೇಲೆ ಕೇಳುವುದನ್ನು ಬಿಟ್ಟಳು.

ಬೋಲ್ಟು ಮಾತ್ರ ಏನೂ ಕೇಳಲೇ ಇಲ್ಲ. ಮರುದಿನ ಸಂಜೆ ಬೀದಿಯ ತುದಿಯಿಂದ ಎಂದಿಗಿಂತ ಜೋರಾಗಿ, "ಏ ಹಗ್ಗಾ! ಜೀವ ಇದೆಯೇನೋ?" ಅಂತ ಕೂಗುತ್ತಾ ಬಂದ. ತನ್ನನ್ನು ಯಾರೂ ಕರೆಸಲಿಲ್ಲ, ಯಾರೂ ಏನೂ ಕೇಳಲಿಲ್ಲ. ಅಂದಮೇಲೆ ಗೆಳೆಯ ಹೆಸರು ಹೇಳಿಲ್ಲ ಅಂತ ಅವನು ತಿಳಿದುಕೊಂಡ. ಕೈಯಲ್ಲಿ ಬಿಸ್ಕತ್ತಿನ ಪೊಟ್ಟಣ. "ತಗೋ. ನೀನು ಮನುಷ್ಯ ಕಣೋ," ಅಂದ. ಹಗ್ಗದವನು ಬಿಸ್ಕತ್ತು ಮುರಿದು ಬಾಯಿಗಿಟ್ಟ. ಅದು ಮಣ್ಣಿನ ಹಾಗಿತ್ತು.

ಹಾಗೆ ಎಷ್ಟೋ ತಿಂಗಳು. ಬೋಲ್ಟು ದಿನಾ ಬಂದ. ಕಾರ್ಖಾನೆಯ ಹಿರಿಯನಾದ ಮೇಲೆ ಯಾವ ಯಂತ್ರ ಎಲ್ಲಿಡುತ್ತೇನೆ ಅಂತ ಹೇಳಿದ. ಮಗಳ ಮದುವೆಯ ಮಾತು ಹೇಳಿದ. "ನೀನೇ ನಿಂತು ಮಾಡಿಸಬೇಕು," ಅಂದ. ಎಷ್ಟೋ ಸಲ ಹಗ್ಗದವನ ತುಟಿಯ ತನಕ ಬಂತು. ಹೇಳಿದರೆ ಸಮಿತಿಗೆ ಕೊಟ್ಟ ಮಾತು ತಪ್ಪುತ್ತದೆ. ವರದಿಗೇ ಕುತ್ತು ಬಂದರೆ ಭಾವನ ಕೆಲಸ ಮತ್ತೆ ಹೊಳೆ ಪಾಲು. ಹೇಳದಿದ್ದರೆ ಎದುರಿಗೆ ಕೂತು ಚಹಾ ಕುಡಿಯುವವನ ಮುಖ ನೋಡಲಾಗದು. ಜೊತೆಯಲ್ಲಿ ಯಾರೂ ಇಲ್ಲದ ಒಂಟಿತನ ಅವನಿಗೆ ಹಳೆಯದು, ರೂಢಿಯಾದದ್ದು. ಇದು ಬೇರೆ ನಮೂನೆಯದು. ಬೋಲ್ಟು ನಕ್ಕಾಗಲೆಲ್ಲ ಅದು ಬಂದು ಇವನ ಪಕ್ಕದಲ್ಲಿ ಕೂರುತ್ತಿತ್ತು.

ವರದಿ ಸದನದ ಮುಂದೆ ಬಂತು. ಪತ್ರಿಕೆಯವರು ಒಳಪುಟದಲ್ಲಿ ಒಂದು ಸಣ್ಣ ಸುದ್ದಿ ಹಾಕಿದರು. ಚುಕ್ಕಾಣಿಯವನ ತಪ್ಪಿಲ್ಲ; ಪೆಟ್ಟಿಗೆಗೆ ಬಿರುಕು ಇತ್ತು. ಟಾರು ಬಳಿದವನ ಹೆಸರು ಹಿಡಿದು ಕೇಳಿದಾಗ ಚಿಕ್ಕ ಸಾಹೇಬನೂ ಸಮಿತಿಯ ಮುಂದೆ ಇಲ್ಲವೆನ್ನಲಾಗದೆ ಒಪ್ಪಿಕೊಂಡಿದ್ದ. ಸಾಲಿನಲ್ಲಿ ನಿಲ್ಲಿಸಿ ಕೇಳುವುದನ್ನು ತಪಾಸಣೆ ಅಂತ ಇನ್ನು ಮುಂದೆ ಲೆಕ್ಕಕ್ಕೆ ಹಿಡಿಯಬಾರದು. ಸೈನಿಕರನ್ನು ಒಬ್ಬೊಬ್ಬರಾಗಿ ಕೂರಿಸಿ, ಮೇಲಿನವರು ಇಲ್ಲದಾಗ ಕೇಳಬೇಕು ಅಂತ ಸಮಿತಿ ಹೇಳಿತ್ತು. ಇದನ್ನು ಗಮನಿಸಲಾಗಿದೆ ಅಂತ ಇಲಾಖೆ ಉತ್ತರ ಕೊಟ್ಟಿತ್ತು. ಗಮನಿಸಲಾಗಿದೆ ಅಂದರೆ ಮಾಡುತ್ತೇವೆ ಅಂತಲೂ ಅಲ್ಲ, ಮಾಡುವುದಿಲ್ಲ ಅಂತಲೂ ಅಲ್ಲ. ಆದರೆ ಹೆಸರು ಕೆತ್ತಿಸಲು ಒಪ್ಪಿತ್ತು.

ಅಕ್ಕ ಆ ಪತ್ರಿಕೆ ಹಿಡಿದು ಮೆಟ್ಟಿಲು ಹತ್ತಿ ಬಂದಳು. ಮಾತೇ ಆಡಲಿಲ್ಲ. ಅವನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಚಿಕ್ಕಂದಿನಲ್ಲಿ ಎಣ್ಣೆ ಹಚ್ಚಿದ ಹಾಗೆ ತಿಕ್ಕಿದಳು.

ಬೋಲ್ಟುವನ್ನು ಕೆಲಸದಿಂದ ತೆಗೆಯಲಿಲ್ಲ. ಹಿರಿಯನ ಜಾಗ ಮಾತ್ರ ಬೇರೆಯವನಿಗೆ ಹೋಯಿತು; ಅವನನ್ನು ಗುಜರಿ ಅಂಗಳಕ್ಕೆ ಹಾಕಿದರು. ಅವನು ನಾಲ್ಕು ದಿನ ಬರಲಿಲ್ಲ. ಬಂದ ದಿನ ಮೆಟ್ಟಿಲು ಹತ್ತಿ ಬಾಗಿಲಲ್ಲೇ ನಿಂತ. ಹಗ್ಗದವನು ಒಲೆಯ ಕಡೆ ಕೈ ಚಾಚಿದ.

"ಬೇಡ," ಅಂದ ಬೋಲ್ಟು. "ಕೂರೋಕೆ ಬಂದಿಲ್ಲ."

"ಬೇರೆ ದಾರಿ ಇರ್ಲಿಲ್ಲ ಕಣೋ."

"ಗೊತ್ತು. ನಾನಾಗಿದ್ರೂ ಹೇಳ್ತಿದ್ದೆನೇನೋ. ಹೆಸರು ಹೇಳಿದ್ದಕ್ಕಲ್ಲ ನನ್ನ ಸಿಟ್ಟು." ಅವನು ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆಯುತ್ತಿದ್ದ. "ಅಷ್ಟು ತಿಂಗಳು ನಾನು ಇಲ್ಲಿ ಕೂತು ಹಲ್ಲು ಕಿರಿದೆನಲ್ಲ. ಬಿಸ್ಕತ್ತು ತಂದೆನಲ್ಲ. ನೀನು ನೋಡ್ತಾ ಕೂತಿದ್ದೆ."

"ಹೇಳೋ ಹಾಗಿರ್ಲಿಲ್ಲ. ಒಳಗಿನ ಮಾತು—"

"ನನಗೂ?"

ಹಗ್ಗದವನು ಒಲೆಯ ಕಡೆ ಚಾಚಿದ್ದ ಕೈ ಹಿಂದಕ್ಕೆ ತೆಗೆದುಕೊಂಡ.

"ಇನ್ಮೇಲೆ ದಾರೀಲಿ ಸಿಕ್ಕಿದ್ರೆ ಕರೀಬೇಡ," ಅಂದ ಬೋಲ್ಟು. "ಕರೆದ್ರೆ ತಿರುಗಬೇಕಾಗ್ತದೆ. ತಿರುಗಿದ್ರೆ ಏನಾದ್ರೂ ಅನ್ನಬೇಕಾಗ್ತದೆ. ನನ್ನ ಕೈಲಾಗಲ್ಲ." ಅವನು ಮೆಟ್ಟಿಲಿಳಿದು ಹೋದ. ಇಳಿಯುವಾಗ ದಿನಾ ತಗ್ಗು ಚಾವಣಿಗೆ ತಲೆ ತಾಕಿಸಿಕೊಂಡು ಬೈಯುತ್ತಿದ್ದವನು ಅವತ್ತು ತಲೆ ಬಗ್ಗಿಸಿಯೇ ಇಳಿದ.

ಹೆಸರು ಕೆತ್ತಿದ ದಿನ ಹಗ್ಗದವನು ಅಕ್ಕನ ಜೊತೆ ಶಿಬಿರಕ್ಕೆ ಹೋದ. ಹಳೆಯ ಆರು ಹೆಸರು ಮಸುಕಾಗಿದ್ದವು. ಏಳನೆಯದು ಹಾಲಿನಷ್ಟು ಬೆಳ್ಳಗಿತ್ತು. ಅಕ್ಕ ಬೆರಳಿನಿಂದ ಒಂದೊಂದು ಅಕ್ಷರವನ್ನೂ ಮುಟ್ಟಿದಳು. ಪಟಾಲಮಿನವರು ಬಂದು ಅವಳ ಕೈ ಹಿಡಿದರು, ಇಬ್ಬರು ಅತ್ತರು. ಇವನ ಹತ್ತಿರ ಬಂದಾಗ ತಲೆಯಾಡಿಸಿ ಮುಂದೆ ಹೋದರು. ಮನೆಯ ಮಾತನ್ನು ಹೊರಗೆ ಒಯ್ದವನನ್ನು ಮನೆಯವರು ನೋಡುವ ಹಾಗೆ ನೋಡಿದರು, ಅಷ್ಟೇ. ಸ್ವಲ್ಪ ದಿನಕ್ಕೆ ಅಕ್ಕ ತನ್ನ ಮಗಳ ಊರಿಗೆ ಹೊರಟಳು. "ಇಲ್ಲಿ ಇದ್ದದ್ದೇ ಆ ಕಲ್ಲಿಗೋಸ್ಕರ. ನೀನೂ ಬಾರೋ," ಅಂದಳು. ಅವನು ಆಗಲಿ ನೋಡೋಣ ಅಂದ. ನೋಡೋಣ ಅಂದವನು ಹೋಗುವುದಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

ಈಗ ಸಂಜೆ ಕೋಣೆಯಲ್ಲಿ ಕೂರಲು ಆಗುವುದಿಲ್ಲ. ಬೀದಿಯಲ್ಲಿ ಯಾರು ಯಾರನ್ನು ಕೂಗಿದರೂ ಎದ್ದು ಕಿಟಕಿಗೆ ಹೋಗುವ ಹಾಗಾಗುತ್ತದೆ. ಅದಕ್ಕೆ ಮಾರ್ಕೆಟ್ಟಿನ ಕಡೆ ನಡೆದು ಬರುತ್ತಾನೆ. ಗುಜರಿ ಅಂಗಳದ ಕೆಲಸ ಬಿಡುವುದೂ ಅದೇ ಹೊತ್ತಿಗೆ. ಬೋಲ್ಟು ಚೀಲ ಹಿಡಿದು ಆ ದಾರಿಯಲ್ಲೇ ಮನೆಗೆ ಹೋಗುತ್ತಾನೆ. ದೂರದಿಂದ ಆ ನಡಿಗೆ ಕಂಡ ಕೂಡಲೇ ಹಗ್ಗದವನು ಹತ್ತಿರದ ಅಂಗಡಿಯ ಕಡೆ ತಿರುಗಿ ನಿಲ್ಲುತ್ತಾನೆ. ಎದುರಾದರೆ ನೋಡಿಯೂ ನೋಡದ ಹಾಗೆ ಹೋಗುವ ಕಷ್ಟ ಬೋಲ್ಟುವಿಗೆ ಬರುತ್ತದೆ. ಅದೊಂದನ್ನು ತಪ್ಪಿಸುವುದು ಇವನ ಕೈಯಲ್ಲಿದೆ.

ಮೊನ್ನೆಯೂ ಹಾಗೇ ನಿಂತಿದ್ದ. ಎದುರಿಗೆ ಪೊರಕೆ, ಮೊರ, ಬಕೆಟ್ಟು. ಒಂದು ಪೊರಕೆ ಎತ್ತಿ ಅದರ ಕಡ್ಡಿಗಳನ್ನು ಬೆರಳಿನಿಂದ ಎಳೆದು ಗಟ್ಟಿ ಇದೆಯೇ ಅಂತ ನೋಡುತ್ತಿದ್ದ. ಬೆನ್ನ ಹಿಂದೆ ಹೆಜ್ಜೆಗಳು ಬಂದವು. ಬಂದು ಹಾಗೇ ಒಂದು ಕ್ಷಣ ನಿಂತವು. ಹಗ್ಗದವನು ಇನ್ನೊಂದು ಕಡ್ಡಿ ಎಳೆದು ನೋಡಿದ. ಹೆಜ್ಜೆಗಳು ಮುಂದೆ ಹೋದವು.

ಅಂಗಡಿಯವನು ಕೇಳಿದ, "ಯಜಮಾನ್ರೇ, ಹೋದ ವಾರ ತಾನೆ ಒಂದು ಒಯ್ದಿದ್ರಲ್ಲ?"

"ಹೌದು," ಅಂದ ಹಗ್ಗದವನು. "ಇದೂ ಒಂದು ಇರಲಿ, ಕೊಡಿ."